ಒಂದೇ ಸ್ಟಾರ್ ಕೊಟ್ಟ ಡ್ರೈವರ್

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಇಪ್ಪತ್ತಮೂರು ವರ್ಷ ಕಳೆದಿದ್ದ ಆಕೆಯನ್ನು ಎಲ್ಲರೂ ಚೀಟಿ ಅಕ್ಕ ಅಂತಲೇ ಕರೆಯುತ್ತಿದ್ದರು. ಮುಂದಿನ ಸಲ ಯಾವತ್ತು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದನ್ನು ಅಂಗೈಯಗಲದ ಚೀಟಿಯಲ್ಲಿ ದುಂಡಗೆ ಬರೆದು, ಕೆಳಗೆ ‘ತಿಂಡಿ ತಿಂದೇ ಬನ್ನಿ’ ಅಂತ ಸೇರಿಸಿ ಕೊಡುತ್ತಿದ್ದಳು. ಹೇಳಿದ ಹೊತ್ತಿಗೆ ಬಾರದವರಿಗೆ ಅರ್ಧ ಗಂಟೆ ಕಾದು ಫೋನ್ ಮಾಡುತ್ತಿದ್ದಳು. “ನೋವು ಹೋದ ಕೂಡಲೇ ಹಲ್ಲನ್ನೇ ಮರೆತುಬಿಟ್ರಾ?” ಅನ್ನುವುದು ಅವಳ ಮೊದಲ ಮಾತು. ಜನರ ಹೆಸರು ಅವಳಿಗೆ ಒಮ್ಮೊಮ್ಮೆ ತಪ್ಪುತ್ತಿತ್ತು, ಯಾರಿಗೆ ಯಾವ ಹಲ್ಲು ಅನ್ನುವುದು ತಪ್ಪುತ್ತಿರಲಿಲ್ಲ.

ಕ್ಲಿನಿಕ್ ಇದ್ದದ್ದು ಚಪ್ಪಲಿ ಅಂಗಡಿಯ ಮೇಲೆ, ಮೊದಲ ಮಹಡಿಯಲ್ಲಿ. ಹತ್ತೊಂಬತ್ತು ಕಡಿದಾದ ಮೆಟ್ಟಿಲು. ಕೆನ್ನೆ ಊದಿಸಿಕೊಂಡವರು ಒಂದು ಕೈ ಕೆನ್ನೆಗೆ, ಒಂದು ಕೈ ಕಂಬಿಗೆ ಕೊಟ್ಟು ಹತ್ತಿ ಬರುತ್ತಿದ್ದರು. ಒಳಗೆ ಎರಡು ಬೆಂಚು, ಒಂದು ಫ್ಯಾನು, ರೋಗಿಗಳ ಕಾರ್ಡುಗಳನ್ನು ಜೋಡಿಸಿಟ್ಟ ಕಬ್ಬಿಣದ ಬೀರು. ಅದರಾಚೆ ಎರಡು ಕುರ್ಚಿಯ ಒಳಕೋಣೆ. ಒಂದರಲ್ಲಿ ಮೂವತ್ತು ವರ್ಷದಿಂದ ದೊಡ್ಡ ಡಾಕ್ಟರು. ಇನ್ನೊಂದರಲ್ಲಿ ಎರಡು ವರ್ಷದಿಂದ ಅವರ ಮಗಳು, ಅಂದರೆ ಚಿಕ್ಕ ಡಾಕ್ಟರು. ಬೇರು ಚಿಕಿತ್ಸೆಯಲ್ಲೇ ಮೇಲಿನ ಓದು ಮುಗಿಸಿ ಬಂದವಳು.

ಅವಳು ಬಂದ ವರ್ಷವೇ ರಸ್ತೆಯ ಎದುರು ಬದಿಗೆ ಹೊಸ ಕ್ಲಿನಿಕ್ ತೆರೆಯಿತು. ಇಪ್ಪತ್ತು ಊರಲ್ಲಿ ಒಂದೇ ಹೆಸರು, ಒಂದೇ ಬಣ್ಣದ ಗೋಡೆ ಇರುವ ದೊಡ್ಡ ಕಂಪನಿಯದು. ಅದರ ಮುಂದಿನ ಪರದೆಯಲ್ಲಿ ಒಬ್ಬ ಹುಡುಗಿ ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚದೆ ನಗುತ್ತಿದ್ದಳು. ಆರು ತಿಂಗಳಲ್ಲಿ ಚೀಟಿ ಅಕ್ಕನ ಬೆಂಚುಗಳು ಅರ್ಧ ಖಾಲಿಯಾದವು.

“ಜನ ಹಲ್ಲು ಉಜ್ಜೋಕೆ ಕಲಿತಿರಬೇಕು ಬಿಡು, ಒಳ್ಳೇದೇ ಆಯ್ತು” ಅಂದರು ದೊಡ್ಡ ಡಾಕ್ಟರು.

“ಅಪ್ಪಾ, ಜನ ಹಲ್ಲು ಉಜ್ಜೋಕೆ ಕಲಿತಿಲ್ಲ, ಫೋನ್ ಉಜ್ಜೋಕೆ ಕಲಿತಿದ್ದಾರೆ” ಅಂದಳು ಮಗಳು. “ನಾವು ಅದರಲ್ಲಿ ಎಲ್ಲೂ ಇಲ್ಲ.”

ಮಾರನೆಯ ವಾರ ಅವಳು ಒಬ್ಬನನ್ನು ಕರೆದುಕೊಂಡು ಬಂದಳು. ಡಾಕ್ಟರು, ವಕೀಲರು, ಟ್ಯೂಷನ್ ಮೇಷ್ಟ್ರು ಇಂಥವರಿಗೆಲ್ಲ ಆನ್‌ಲೈನ್ ಪ್ರಚಾರ ಮಾಡಿಕೊಡುವವನು. ಬಂದವನೇ ತನ್ನ ಫೋನಿನಲ್ಲಿ ‘ಹಲ್ಲು ನೋವು’ ಅಂತ ಬರೆದು ಎಲ್ಲರ ಮುಂದೆ ಹಿಡಿದ. ಎದುರಿನ ಕ್ಲಿನಿಕ್ ಮೊದಲು ಬಂತು. ಇವರದು ಹನ್ನೊಂದನೆಯದು. ಅದೂ ನಕ್ಷೆಯಲ್ಲಿ ಹಿಂದಿನ ಬೀದಿಯ ಬೈಕ್ ಗ್ಯಾರೇಜಿನ ಮೇಲೆ ಚುಕ್ಕೆ ತೋರಿಸುತ್ತಿತ್ತು.

“ಅಲ್ಲಿಗೆ ಹೋದವರ ಗತಿ ಏನು?” ಅಂತ ದೊಡ್ಡ ಡಾಕ್ಟರು ಗಾಬರಿಯಾದರು.

“ಸ್ಪ್ಯಾನರ್‌ನಲ್ಲಿ ಕೀಳ್ತಾರೇನೋ” ಅಂದಳು ಚೀಟಿ ಅಕ್ಕ.

ಅವನು ಮಾತೆತ್ತಿದರೆ ಸ್ಟಾರ್ ಅನ್ನುತ್ತಿದ್ದ. ಐದು ಸ್ಟಾರ್ ಇದ್ದರೆ ಜನ ಬರುತ್ತಾರೆ, ನಾಲ್ಕಕ್ಕಿಂತ ಇಳಿದರೆ ಯಾರೂ ಮೂಸಿ ನೋಡುವುದಿಲ್ಲ ಅನ್ನುತ್ತಿದ್ದ. “ದಿನಾ ನಕ್ಷತ್ರ ಎಣಿಸೋನು ಜೋಯಿಸ ಅಲ್ಲದೆ ಇನ್ನೇನು?” ಅಂದರು ದೊಡ್ಡ ಡಾಕ್ಟರು. ಅಂದಿನಿಂದ ಅವನು ಜೋಯಿಸ ಆದ. ಅವನಿಗೂ ಬೇಜಾರಿರಲಿಲ್ಲ.

ಕೆಲಸವನ್ನೇನೋ ಚುರುಕಾಗಿಯೇ ಮಾಡಿದ. ನಕ್ಷೆಯ ಚುಕ್ಕೆಯನ್ನು ಗ್ಯಾರೇಜಿನಿಂದ ಎತ್ತಿ ಚಪ್ಪಲಿ ಅಂಗಡಿಯ ಮೇಲಿಟ್ಟ. ಕಾರ್ಡುಗಳಲ್ಲಿದ್ದದ್ದನ್ನು ಕಂಪ್ಯೂಟರಿಗೆ ಏರಿಸಿದ. ಚೀಟಿಯ ಬದಲು ಫೋನಿಗೆ ತನ್ನಷ್ಟಕ್ಕೆ ಮೆಸೇಜ್ ಹೋಗುವಂತೆ ಮಾಡಿದ. ಚಿಕ್ಕ ಡಾಕ್ಟರಿಂದ ‘ಮಗುವಿನ ಮೊದಲ ಹಲ್ಲು’, ‘ಹಲ್ಲುಸೆಟ್ ತೊಳೆಯುವುದು ಹೇಗೆ’ ಅಂತ ಒಂದೊಂದು ನಿಮಿಷದ ವಿಡಿಯೋ ಮಾಡಿಸಿದ. ಕ್ಲಿನಿಕ್ಕಿನ ಪೇಜನ್ನು ನೋಡಿಕೊಳ್ಳುವ ಜವಾಬ್ದಾರಿ ಚೀಟಿ ಅಕ್ಕನಿಗೇ ಬಂತು. ಅವಳು ಎರಡು ವಾರ ಹೆದರಿದಳು, ಮೂರನೇ ವಾರ ಪಳಗಿದಳು. ಬೆಂಚುಗಳು ಮೆಲ್ಲಗೆ ತುಂಬತೊಡಗಿದವು.

ಒಂದು ಬೆಳಿಗ್ಗೆ ಪೇಜ್ ತೆರೆದರೆ ನಲವತ್ತು ಹೊಸ ಹೊಗಳಿಕೆ, ಎಲ್ಲದಕ್ಕೂ ಐದೈದು ಸ್ಟಾರ್. ಓದುತ್ತ ಹೋದ ಅಕ್ಕನಿಗೆ ಒಂದು ಹೆಸರೂ ಗುರುತು ಸಿಗಲಿಲ್ಲ. ಒಬ್ಬರಂತೂ ‘ಲಿಫ್ಟ್ ವ್ಯವಸ್ಥೆ ಬಹಳ ಚೆನ್ನಾಗಿದೆ’ ಅಂತ ಬರೆದಿದ್ದರು. ಹತ್ತೊಂಬತ್ತು ಮೆಟ್ಟಿಲನ್ನು ದಿನಾ ಹತ್ತಿ ಮಂಡಿ ಸವೆಸಿಕೊಂಡವಳು ಜೋಯಿಸನನ್ನು ಕೇಳಿದಳು, “ಆ ಲಿಫ್ಟ್ ಎಲ್ಲಿದೆ ಅಂತ ನಂಗೂ ತೋರಿಸಪ್ಪಾ.” ಅವನು ಹಲ್ಲುಗಿಂಜಿದ. “ಎಲ್ಲರೂ ಮಾಡೋದೇ ಅಕ್ಕಾ. ಎದುರುಗಡೆಯವರು ಬರಿ ನಿಜದಿಂದ ಐನೂರು ದಾಟಿದ್ರು ಅನ್ಕೊಂಡ್ರಾ?” ಚಿಕ್ಕ ಡಾಕ್ಟರು ಮುಖ ಸಿಂಡರಿಸಿದರೂ ಅಳಿಸಿ ಅಂತ ಹೇಳಲಿಲ್ಲ. ದೊಡ್ಡವರು ಪೇಜ್ ನೋಡುತ್ತಿರಲಿಲ್ಲ. ಅವರ ಫೋನಿನಲ್ಲಿ ಗುಂಡಿಗಳಿದ್ದವು.

ಆಮೇಲೆ ಒಂದು ಸೋಮವಾರ ಆ ಒಂದು ಸ್ಟಾರ್ ಬಂತು. ಜೊತೆಗೆ ಒಂದು ಎಕ್ಸ್‌ರೇ ಚಿತ್ರ, ದವಡೆ ಹಲ್ಲಿನ ಬೇರಿನೊಳಗೆ ಬೆಳ್ಳಗೆ ಕೂದಲೆಳೆಯಂಥದ್ದೊಂದು. ಕೆಳಗೆ ನಾಲ್ಕೇ ಸಾಲು: ‘ಹೋದ ವರ್ಷ ಇಲ್ಲಿ ರೂಟ್ ಕೆನಾಲ್ ಮಾಡಿಸಿದೆ. ಈಗ ಕೀವು. ಬೇರೆ ಕಡೆ ತೋರಿಸಿದರೆ ಸೂಜಿ ಮುರಿದು ಒಳಗೇ ಇದೆ ಅಂದರು. ಇವರು ಒಂದು ಮಾತೂ ಹೇಳಿರಲಿಲ್ಲ.’

ದೊಡ್ಡ ಡಾಕ್ಟರು ಊಟಕ್ಕೆ ಮನೆಗೆ ಹೋಗಿದ್ದರು. ಚಿಕ್ಕವಳು ಓದಿ ಬಿಳಿಚಿಕೊಂಡಳು. ಜೋಯಿಸ ಓಡಿ ಬಂದ.

“ಇದಕ್ಕೆ ಮದ್ದು ಒಂದೇ” ಅಂದ. “‘ಈ ಹೆಸರಿನ ರೋಗಿ ನಮ್ಮ ದಾಖಲೆಯಲ್ಲೇ ಇಲ್ಲ, ದಯವಿಟ್ಟು ಸುಳ್ಳು ಹರಡಬೇಡಿ’ ಅಂತ ಉತ್ತರ ಹಾಕಿ. ನಾನು ಅದನ್ನ ತೆಗೆಸೋಕೆ ಅರ್ಜಿ ಹಾಕ್ತೀನಿ. ಒಂದಿಪ್ಪತ್ತು ಐದು ಸ್ಟಾರ್ ಮೇಲೆ ಸುರಿದ್ರೆ ಇದು ತಳಕ್ಕೆ ಹೋಗುತ್ತೆ.”

“ಮೊದಲು ಕಾರ್ಡ್ ನೋಡೋಣ” ಅಂದಳು ಅಕ್ಕ.

“ಕಾರ್ಡ್ ನೋಡಿ ಏನ್ಮಾಡ್ತೀರಿ? ಎದುರಿನವರು ಬರೆಸಿದ್ದೂ ಇರಬಹುದು.”

ಚಿಕ್ಕ ಡಾಕ್ಟರು ಹಣೆ ಒತ್ತಿಕೊಂಡು ಕೂತಿದ್ದಳು. “ಅಕ್ಕಾ, ಅವನು ಹೇಳಿದ ಹಾಗೆ ಹಾಕಿಬಿಡಿ. ಅಪ್ಪಂಗೆ ಗೊತ್ತಾಗೋದು ಬೇಡ. ಮೂವತ್ತು ವರ್ಷ ಒಂದು ಮಾತು ಕೇಳಿಸ್ಕೊಂಡವರಲ್ಲ.”

“ನಾಳೆ ಬೆಳಿಗ್ಗೆ ಹಾಕ್ತೀನಿ” ಅಂದಳು ಅಕ್ಕ. ಅವರು ಹೋದ ಮೇಲೆ ಬೀರು ತೆಗೆದಳು.

ಕಾರ್ಡ್ ಹುಡುಕಲು ಎರಡು ನಿಮಿಷ ಬೇಕಾಗಲಿಲ್ಲ. ಬಸ್ ಡ್ರೈವರ್, ಎಡಗಡೆ ಕೆಳದವಡೆ, ಹಿಂದಿನಿಂದ ಎರಡನೆಯದು. ಕೊನೆಯ ಸಾಲು ದೊಡ್ಡ ಡಾಕ್ಟರ ಓರೆ ಅಕ್ಷರದಲ್ಲಿತ್ತು: ‘ಹಿಂದಿನ ಬೇರಲ್ಲಿ ಸೂಜಿ ತುದಿ ಉಳಿದಿದೆ. ಕ್ಯಾಪ್ ಹಾಕಿಸಲು ಬಂದಾಗ ಹೇಳಬೇಕು.’ ಅದರ ಕೆಳಗೆ ಏನೂ ಇಲ್ಲ. ಆ ಮನುಷ್ಯ ತುಂಬಿದ ಹಲ್ಲಿನ ಮೇಲೆ ಕ್ಯಾಪ್ ಹಾಕಿಸಲು ಬಂದೇ ಇರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದು ಕಾರ್ಡಿನ ತುದಿಯಲ್ಲೇ ಇತ್ತು. ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಹೊಸ ಫೋನ್ ನಂಬರು, ಅವಳದೇ ದುಂಡಗಿನ ಅಕ್ಷರ. ನಂಬರು ಬದಲಾಗಿದೆ ಅಂತ ಡ್ರೈವರ್ ಹೋಗುವಾಗ ಹೇಳಿದ್ದ. ಇವಳು ಕಾರ್ಡಿಗೆ ಬರೆದುಕೊಂಡಿದ್ದಳು, ಕಂಪ್ಯೂಟರಿಗೆ ಹಾಕಿರಲಿಲ್ಲ. ಮೆಸೇಜುಗಳೆಲ್ಲ ಹಳೆಯ ನಂಬರಿಗೆ ಹೋಗಿದ್ದವು, ಅದೂ ಒಂದಲ್ಲ ಮೂರು ಸಲ. ಮುಂಚೆಯಾಗಿದ್ದರೆ ಅರ್ಧ ಗಂಟೆ ಕಾದು ಫೋನ್ ಮಾಡುತ್ತಿದ್ದಳು. ಮೆಸೇಜ್ ತಾನೇ ಹೋಗುತ್ತದಲ್ಲ ಅಂತ ಆ ಅಭ್ಯಾಸ ಬಿಟ್ಟು ವರ್ಷವಾಗಿತ್ತು.

ಕಾರ್ಡನ್ನು ಬೀರಿಗೆ ಇಡಲಿಲ್ಲ. ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು, ಮಾತು ಕಡಿಮೆ. ಅವನ ಪಾಲಿನದನ್ನೂ ಅತ್ತೆಯೇ ಆಡುತ್ತಿದ್ದಳು. ಅವಳ ಹಲ್ಲುಸೆಟ್ ದೊಡ್ಡ ಡಾಕ್ಟರೇ ಮಾಡಿಕೊಟ್ಟದ್ದು. ಸಿಟ್ಟು ಬಂದರೆ ಅದನ್ನು ತೆಗೆದು ಲೋಟಕ್ಕೆ ಹಾಕಿ ಬೈಯುತ್ತಿದ್ದಳು. ಹಲ್ಲಿದ್ದರೆ ಬೈಗುಳ ಸಲೀಸಾಗಿ ಹೊರಡುವುದಿಲ್ಲ ಅನ್ನುವುದು ಅವಳ ವಾದ. ಊಟಕ್ಕೆ ಕೂತಾಗ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅತ್ತೆಯ ಕೈ ಬಾಯಿಗೆ ಹೋಯಿತು. ಸೆಟ್ ಲೋಟಕ್ಕೆ ಬಿತ್ತು.

“ಅವನ್ಯಾರೋ ಜೋಯಿಸ ಹೇಳ್ದ ಅಂತ ನೀನು ಇರೋ ಮನುಷ್ಯನ್ನ ಇಲ್ಲ ಅಂತೀಯಾ? ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದ್ರೆ ವಾಸಿ ಆಗುತ್ತೇನೇ?”

“ಡಾಕ್ಟರ ಮರ್ಯಾದೆ ಅತ್ತೆ.”

“ಡಾಕ್ಟರ ಮರ್ಯಾದೆ ಡಾಕ್ಟರು ನೋಡ್ಕೊಳ್ಳಲಿ, ಅವರನ್ನೇ ಕೇಳು. ಅವರದನ್ನ ಅವರಿಗೇ ಹೇಳದೆ ನೀವು ನೀವೇ ಬಚ್ಚಿಟ್ಟು ಕೂತ್ರೆ?”

ಗಂಡ ಕೈ ತೊಳೆಯಲು ಎದ್ದವನು ನಿಂತು ಹೇಳಿದ, “ಕಂಪ್ಯೂಟರಿಗೆ ನಂಬರ್ ಹಾಕದೇ ಇದ್ದದ್ದು ನಿನ್ನ ತಪ್ಪು. ಅದನ್ನೂ ಸೇರಿಸಿ ಹೇಳು.” ಆ ರಾತ್ರಿ ಅವನಾಡಿದ್ದು ಅಷ್ಟೇ. ಅಕ್ಕನಿಗೆ ಅತ್ತೆಯ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮಾರನೆಯ ಬೆಳಿಗ್ಗೆ ಅವಳು ಅರ್ಧ ಗಂಟೆ ಮುಂಚೆ ಹೋದಳು. ದೊಡ್ಡ ಡಾಕ್ಟರು ಒಬ್ಬರೇ ಕೂತು ಪೇಪರ್ ಓದುತ್ತಿದ್ದರು. ಅಕ್ಕ ಫೋನ್ ತೆರೆದು ಪೇಜ್ ತೋರಿಸಿದಳು, ಪಕ್ಕದಲ್ಲಿ ಕಾರ್ಡ್ ಇಟ್ಟಳು. ಅವರು ಕನ್ನಡಕ ಹಾಕಿಕೊಂಡು ಮೊದಲು ಎಕ್ಸ್‌ರೇ ನೋಡಿದರು. ಆಮೇಲೆ ಕಾರ್ಡ್ ತಿರುಗಿಸಿದರು.

“ನನ್ನ ಕೈಬರಹ” ಅಂದರು.

“ನಂದೂ ಇದೆ ಸಾರ್, ತುದೀಲಿ” ಅಂತ ಅವಳು ನಂಬರಿನ ಕಥೆ ಹೇಳಿದಳು. “ಚಿಕ್ಕ ಡಾಕ್ಟರು ನಿಮಗೆ ಹೇಳಬೇಡಿ ಅಂದಿದ್ರು. ನಾನು ಅವರ ಮಾತು ಮೀರಿದ್ದೀನಿ.”

ಅವರು ಎಕ್ಸ್‌ರೇಯನ್ನು ಇನ್ನೊಮ್ಮೆ ನೋಡಿದರು. “ಸೂಜಿ ಮುರಿಯೋದು ಯಾರಿಗಾದ್ರೂ ಆಗುತ್ತೆ. ಕೂದಲೆಳೆ ಇದ್ದ ಹಾಗೆ ಇರುತ್ತೆ, ಡೊಂಕು ಬೇರಲ್ಲಿ ಸಿಕ್ಕಿ ಪಟ್ ಅನ್ನುತ್ತೆ. ಎಷ್ಟೋ ಸಲ ಏನೂ ತೊಂದರೆ ಆಗಲ್ಲ. ಆವತ್ತೇ ಹೇಳಬಹುದಿತ್ತು. ಅವನು ಡ್ಯೂಟಿಗೆ ಹೊತ್ತಾಯ್ತು ಅಂತ ಅವಸರ ಮಾಡ್ತಿದ್ದ. ಸರಿ, ಮುಂದಿನ ಸಲ ಹೇಳೋಣ ಅಂತ ಬಿಟ್ಟೆ. ಅವಸರ ಅವನಿಗಿತ್ತು, ನನಗೇನಿತ್ತು? ನಾಲಿಗೆ ಏಳಲಿಲ್ಲ, ಅಷ್ಟೇ.” ಎದ್ದು ಹೊರಗಿನ ಮೇಜಿಗೆ ಬಂದು, ಪೆನ್ಸಿಲ್ ನಂಬರಿಗೆ ತಾವೇ ಫೋನ್ ಮಾಡಿದರು.

ಆ ಕಡೆಯ ಮಾತು ಅಕ್ಕನಿಗೂ ಕೇಳಿಸುವಷ್ಟು ಜೋರಾಗಿತ್ತು. “ಸ್ಟಾರ್ ತೆಗೀರಿ ಅನ್ನೋಕೆ ಮಾಡಿದ್ರಾ?”

“ಇಲ್ಲ, ಅದು ಹಾಗೇ ಇರಲಿ” ಅಂದರು ಡಾಕ್ಟರು. “ನೀವು ಬರೆದದ್ದು ನಿಜ. ಅದನ್ನ ನಿಮ್ಮೆದುರು ಕೂತು ಹೇಳಬೇಕು. ಹಲ್ಲಿಗೂ ಏನಾದ್ರೂ ಮಾಡಬೇಕು. ಬರ್ತೀರಾ?”

ಆ ಕಡೆ ಬಸ್ಸುಗಳ ಸದ್ದು. “ಗುರುವಾರ ರಜಾ ಇದೆ” ಅಂತ ಹೇಳಿ ಡ್ರೈವರ್ ಫೋನ್ ಇಟ್ಟ.

ಅಷ್ಟರಲ್ಲಿ ಚಿಕ್ಕ ಡಾಕ್ಟರು ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲಿನ ಕಾರ್ಡ್ ನೋಡಿದಳು, ಅಕ್ಕನನ್ನು ನೋಡಿದಳು. ಅಕ್ಕನಿಗೆ ಮಾತ್ರ, “ನಿಮ್ಮನ್ನ ನಂಬಿದ್ದೆ ನೋಡಿ” ಅಂದು ಒಳಗೆ ಹೋದಳು. ಗುರುವಾರದವರೆಗೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು.

ಗುರುವಾರ ಬಂದ ಡ್ರೈವರ್ ದೊಡ್ಡ ಆಳು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ, ಎಡಗೆನ್ನೆ ಸ್ವಲ್ಪ ದಪ್ಪ. ಕೂರಿ ಅಂದರೂ ಕೂರಲಿಲ್ಲ. ಹಾಗಾಗಿ ದೊಡ್ಡ ಡಾಕ್ಟರೂ ಎದ್ದು ನಿಂತರು.

“ಸೂಜಿ ನನ್ನ ಕೈಯಲ್ಲಿ ಮುರೀತು. ಆವತ್ತೇ ಗೊತ್ತಿತ್ತು. ನಿಮಗೆ ಹೇಳಲಿಲ್ಲ. ಹೇಳಬೇಕಿತ್ತು.”

“ಕ್ಯಾಪಿಗೆ ಬನ್ನಿ ಅಂತ ಮೆಸೇಜ್ ಹಳೇ ನಂಬರಿಗೆ ಹೋಯ್ತು” ಅಂದಳು ಅಕ್ಕ. “ಹೊಸದನ್ನ ನೀವು ನನಗೆ ಕೊಟ್ಟಿದ್ರಿ. ನಾನು ಹಾಕಲಿಲ್ಲ.”

ಡ್ರೈವರ್ ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಜಗಳವಾಡಲು ಎದುರಿಗೆ ಯಾರೂ ಸಿಗಲಿಲ್ಲ. “ನಾವು ಬಸ್ಸಿಗೆ ಒಂದು ಗೀಚು ಬಿದ್ರೂ ಡಿಪೋಗೆ ಬಂದ ತಕ್ಷಣ ಬರೆಸಬೇಕು ಸಾರ್” ಅಂದ. “ಬರೆಸಿದ್ರೆ ಬೈತಾರೆ. ಬರೆಸದೇ ಸಿಕ್ಕಿಬಿದ್ರೆ ಗಾಡಿನೇ ಕೊಡಲ್ಲ.”

“ಸರಿಯಾಗಿ ಹೇಳಿದ್ರಿ” ಅಂದರು ಡಾಕ್ಟರು. “ನಾನೂ ಇನ್ನು ಆ ಗಾಡಿ ಓಡಿಸಲ್ಲ. ಬೇರಿನ ಕೆಲಸ ಎಲ್ಲ ಇನ್ಮೇಲೆ ಮಗಳದು. ನನ್ನ ಕಣ್ಣು ಮೊದಲಿನ ಹಾಗಿಲ್ಲ, ಅದನ್ನ ಒಪ್ಕೊಳ್ಳೋಕೆ ಇಷ್ಟು ದಿನ ಬೇಕಾಯ್ತು.”

ಮಗಳಿಗೂ ಅದು ಗೊತ್ತಿರಲಿಲ್ಲ. ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಕೈಗವಸು ಹಾಕಿಕೊಂಡು, “ಕೂತ್ಕೊಳ್ಳಿ, ನೋಡ್ತೀನಿ” ಅಂದಳು. ಡ್ರೈವರ್ ಕೂತ. ಎರಡು ಸಲ ಕೂರಿಸಿಕೊಂಡು ಒಂದೂವರೆ ಗಂಟೆಯಂತೆ ಕೆಲಸ ಮಾಡಿದಳು. ತುದಿ ಹೊರಗೆ ಬರಲಿಲ್ಲ. ಅದರ ಪಕ್ಕದಿಂದಲೇ ಹಾದಿ ಮಾಡಿಕೊಂಡು ಬೇರಿನ ತಳದವರೆಗೆ ಹೋಗಿ, ತೊಳೆದು ತುಂಬಿದಳು. ಹೊರಗೆ ಬರಲಿಲ್ಲ ಅನ್ನುವುದನ್ನು ಡ್ರೈವರಿಗೆ ಎಕ್ಸ್‌ರೇ ತೋರಿಸಿಯೇ ಹೇಳಿದಳು. ಮೂರು ವಾರಕ್ಕೆ ಕೀವು ಒಣಗಿ ಊತ ಇಳಿಯಿತು.

ಚಿಕಿತ್ಸೆ ನಡೆಯುತ್ತಿರುವಾಗಲೇ, ವಿಷಯವನ್ನು ಪೇಜಿನಲ್ಲಿ ಬರೆಯಲು ಡ್ರೈವರ್ ಒಪ್ಪಿದ ಮೇಲೆ ದೊಡ್ಡ ಡಾಕ್ಟರು ಪೇಜಿಗೆ ಹಾಕಬೇಕಾದ ಉತ್ತರ ಹೇಳಿದರು, ಅಕ್ಕ ಬರೆದಳು: ‘ಇವರು ಹೇಳಿದ್ದು ಸರಿ. ಅವರಿಗೆ ಆಗಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಕ್ಷಮೆ ಕೇಳಿದ್ದೇವೆ, ಚಿಕಿತ್ಸೆ ಮತ್ತೆ ಮಾಡುತ್ತಿದ್ದೇವೆ.’ ಆಮೇಲೆ ಆ ನಲವತ್ತು ಹೊಗಳಿಕೆಗಳ ವಿಷಯವನ್ನೂ ಅಕ್ಕನೇ ಹೇಳಿದಳು. ಹೇಳುವುದು ಶುರು ಮಾಡಿದ ಮೇಲೆ ಒಂದನ್ನು ಯಾಕೆ ಉಳಿಸಬೇಕು ಅನ್ನಿಸಿತು. ಲಿಫ್ಟಿನ ಮಾತಿಗೆ ದೊಡ್ಡ ಡಾಕ್ಟರು ಮೊದಲು ಬಿದ್ದು ಬಿದ್ದು ನಕ್ಕರು, ನಕ್ಕು ಮುಗಿಸಿ, “ತೆಗೆಸು” ಅಂದರು.

ಜೋಯಿಸನಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಸಾರ್, ಅಂಗಡಿ ಮುಂದೆ ನಿಂತು ನಮ್ಮ ಸಾಮಾನು ಕೆಟ್ಟಿದೆ ಅಂತ ನೀವೇ ಕೂಗಿದ ಹಾಗಾಯ್ತು. ನಾಲ್ಕಕ್ಕಿಂತ ಕೆಳಗೆ ಇಳೀತೀರಿ, ಬರೆದಿಟ್ಕೊಳ್ಳಿ.”

ಅವನ ಮಾತು ಸುಳ್ಳಾಗಲಿಲ್ಲ. ಮೂರೂವರೆಗೆ ಇಳಿಯಿತು. ಆ ವಾರ ಐದು ಜನ ಬರುವುದಿಲ್ಲ ಅಂತ ಮೆಸೇಜ್ ಮಾಡಿದರು. ತಿಂಗಳ ಕೊನೆಗೆ ಜೋಯಿಸ ಬೇರೆ ಕೆಲಸ ಹೆಚ್ಚಾಗಿದೆ ಅಂದು ಬಿಟ್ಟು ಹೋದ. ಹೋಗುವ ಮುಂಚೆ ಅಕ್ಕನಿಗೆ ವಿಡಿಯೋ ಹಾಕುವುದು ಹೇಗೆ ಅಂತ ತಾಳ್ಮೆಯಿಂದ ಹೇಳಿಕೊಟ್ಟ. ಕೆಟ್ಟವನೇನಲ್ಲ.

ಡ್ರೈವರ್ ತನ್ನ ಒಂದು ಸ್ಟಾರನ್ನು ಮೂರು ಮಾಡಿದ. ‘ಚಿಕ್ಕ ಡಾಕ್ಟರ ಕೈ ಚೆನ್ನಾಗಿದೆ. ದೊಡ್ಡವರು ತಪ್ಪು ಒಪ್ಪಿಕೊಂಡರು. ಒಂದು ವರ್ಷ ತಡ ಆಯಿತು, ಅದಕ್ಕೆ ಎರಡು ಕಡಿಮೆ’ ಅಂತ ಬರೆದ.

“ಲೆಕ್ಕ ಸರಿಯಾಗೇ ಇದೆ” ಅಂದರು ದೊಡ್ಡ ಡಾಕ್ಟರು.

ಚೀಟಿ ಅಕ್ಕ ಬೀರಿನ ಕಾರ್ಡುಗಳನ್ನು ಮತ್ತೆ ಹೊರಗೆ ತೆಗೆದಳು. ಕಂಪ್ಯೂಟರಿನ ನಂಬರು ಸರಿಯಿದೆಯಾ ಅಂತ ಒಂದೊಂದನ್ನೂ ತಾಳೆ ನೋಡತೊಡಗಿದಳು. ಮೂರನೆಯ ದಿನ ಚಿಕ್ಕ ಡಾಕ್ಟರು ಕುರ್ಚಿ ಎಳೆದುಕೊಂಡು ಬಂದು ಎದುರು ಕೂತು, ಅರ್ಧ ಕಟ್ಟನ್ನು ತನ್ನ ಕಡೆಗೆ ಸರಿಸಿಕೊಂಡಳು.

“ನಂಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ” ಅಂದಳು.

“ಇರಲಿ. ಆ ಕೆಂಪು ಪೆನ್ ಕೊಡಿ” ಅಂದಳು ಅಕ್ಕ.

ಹದಿನಾರು ನಂಬರು ತಪ್ಪಿದ್ದವು. ಹದಿನಾರು ಜನಕ್ಕೂ ಅಕ್ಕ ಫೋನ್ ಮಾಡಿದಳು. ಒಂಬತ್ತು ಜನ ಬಂದರು, ಅವರಲ್ಲಿ ಇಬ್ಬರು ಬಂದದ್ದು ಬರೀ ಬೈಯುವುದಕ್ಕೆ. ಬೈದಾದ ಮೇಲೆ ಒಬ್ಬರು ಹಲ್ಲನ್ನೂ ತೋರಿಸಿಕೊಂಡು ಹೋದರು.

ಆರು ತಿಂಗಳಾದ ಮೇಲೆ ಚಿಕ್ಕ ಡಾಕ್ಟರ ಕೈಯಲ್ಲೂ ಒಂದು ಸೂಜಿ ಮುರಿಯಿತು. ರೋಗಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಬಾಗಿಲು ತೆರೆದೇ ಇತ್ತು, ಅಕ್ಕನಿಗೆ ಎಲ್ಲ ಕೇಳಿಸಿತು. ಆಕೆಯ ಬಾಯಿಯ ಜೋಮು ಇಳಿಯುವ ಮುಂಚೆಯೇ ಚಿಕ್ಕ ಡಾಕ್ಟರು ಎಕ್ಸ್‌ರೇ ಎದುರಿಗೆ ಹಿಡಿದು, ಎಲ್ಲಿ ಮುರಿದಿದೆ, ಏನಾಗಬಹುದು, ಏನು ಮಾಡಬಹುದು ಅಂತ ಹೇಳಿದಳು. ಹೆಂಗಸಿನ ಮುಖ ಸಣ್ಣದಾಯಿತು. ನಾಲ್ಕು ಪ್ರಶ್ನೆ ಕೇಳಿ, ಎಕ್ಸ್‌ರೇ ಇಸಿದುಕೊಂಡು ಮೆಟ್ಟಿಲಿಳಿದು ನೇರ ಎದುರಿನ ಕ್ಲಿನಿಕ್ಕಿಗೆ ಹೋದಳು. ಅಕ್ಕ, ಚಿಕ್ಕ ಡಾಕ್ಟರು ಇಬ್ಬರೂ ಕಿಟಕಿಯಿಂದ ನೋಡಿದರು.

“ಹೋದ್ರು” ಅಂದಳು ಅಕ್ಕ.

“ಹೋಗಲಿ. ನಾಳೆ ಒಂದು ಫೋನ್ ಮಾಡಿ ನೋವಿದೆಯಾ ಕೇಳಿ.”

ಮಾರನೆಯ ದಿನ ಹನ್ನೊಂದಕ್ಕೆ ಅಕ್ಕ ಫೋನ್ ಮಾಡಿದಳು. ನೋವಿಲ್ಲ ಅಂದಳು ಹೆಂಗಸು. ಎದುರಿನವರೂ ನೋಡಿ ಅದನ್ನೇ ಹೇಳಿದರಂತೆ. ಮುಂದಿನದನ್ನು ಅಲ್ಲಿ ಮಾಡಿಸುವುದಾ ಇಲ್ಲಿ ಮಾಡಿಸುವುದಾ ಅಂತ ಇನ್ನೂ ಯೋಚಿಸುತ್ತಿದ್ದಾಳಂತೆ.

“ನಿಧಾನವಾಗಿ ಯೋಚಿಸಿ” ಅಂದಳು ಚೀಟಿ ಅಕ್ಕ. “ಎಲ್ಲಾದ್ರೂ ಸರಿ, ಕ್ಯಾಪ್ ಮಾತ್ರ ಹಾಕಿಸ್ಕೊಳ್ಳೋದು ಮರೀಬೇಡಿ.” ಫೋನ್ ಇಟ್ಟು, ಬೆಂಚಿನಲ್ಲಿ ಕೆನ್ನೆ ಹಿಡಿದು ಕೂತಿದ್ದ ಮುಂದಿನವರನ್ನು ಒಳಗೆ ಕಳಿಸಿದಳು.